ಅಂಗಡಿಯಲ್ಲಿ ಕೇಳಿದ ಕೀಬೋರ್ಡು, ಅಂಗಳದಲ್ಲಿ ಕೇಳುವ ಕೀಬೋರ್ಡು

ಮದುವೆ ಛತ್ರದ ವಾದ್ಯಗೋಷ್ಠಿ, ಗಣೇಶನ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ - ಎಲ್ಲಿಗೆ ಹೋದರೂ ವೇದಿಕೆಯ ಒಂದು ಮೂಲೆಯಲ್ಲಿ ವಿದ್ಯುನ್ಮಾನ ಕೀಬೋರ್ಡು ಇದ್ದೇ ಇರುತ್ತದೆ. ನುಡಿಸುವವರು ಒಬ್ಬರೇ, ಕೇಳಿಬರುವುದು ಮಾತ್ರ ಇಡೀ ಮೇಳ. ತಬಲಾ, ಗಿಟಾರು, ಕೊಳಲು, ಹತ್ತಾರು ಪಿಟೀಲುಗಳು ಒಟ್ಟಿಗೆ ಮೊಳಗುತ್ತವೆ. ಹೀಗೆ ಹಿಮ್ಮೇಳವನ್ನು ತಾನೇ ಒದಗಿಸುವ ವಾದ್ಯಕ್ಕೆ ಅರೇಂಜರ್ ಕೀಬೋರ್ಡು ಎಂದು ಹೆಸರು. ನಮ್ಮ ಕಡೆಯ ಶಾಲೆಗಳಿಗೂ ಅದು ಕಾಲಿಡುತ್ತಿದೆ. ಬೆಳಗಿನ ಪ್ರಾರ್ಥನೆಗೆ ಹಾರ್ಮೋನಿಯಂ ಇದ್ದ ಜಾಗಕ್ಕೆ ಇದು ಬರುತ್ತಿದೆ. ಹಾಗಾಗಿ ಅಂಗಡಿಗಳಲ್ಲಿ ಇದನ್ನು ಹೇಗೆ ತೋರಿಸುತ್ತಾರೆ, ತೋರಿಸಿದ್ದರಲ್ಲಿ ನಿಜವೆಷ್ಟು, ಮುಂದೆ ಬರಲಿವೆ ಎನ್ನುವ ಸೌಲಭ್ಯಗಳಲ್ಲಿ ನಮಗೆ ಬೇಕಾದವು ಯಾವುವು ಎಂದು ವಿಜ್ಞಾನದ ಮೇಷ್ಟ್ರಾದವನು ವಿಮರ್ಶಿಸಬೇಕಾಗಿದೆ.

ನಾನು ಹೀಗೆ ವಿಮರ್ಶಕನಾದದ್ದು ಆಕಸ್ಮಿಕವಾಗಿ. ತಿ. ನರಸೀಪುರದ ಬಳಿಯ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ವಾದ್ಯ ಕೊಳ್ಳಲೆಂದು ಇಪ್ಪತ್ತು ಸಾವಿರ ರೂಪಾಯಿ ಕೊಟ್ಟರು. ಸಂಗೀತದ ಶಿಕ್ಷಕರು ನಮ್ಮಲ್ಲಿಲ್ಲ. ಭೌತಶಾಸ್ತ್ರ ಹೇಳುವವನಿಗೆ ಶಬ್ದದ ಪಾಠ ಗೊತ್ತಿರುತ್ತದಲ್ಲ ಎಂದು ಮುಖ್ಯೋಪಾಧ್ಯಾಯರು ನನ್ನನ್ನೇ ಮೈಸೂರಿಗೆ ಅಟ್ಟಿದರು. ಪ್ರಾರ್ಥನೆ ಹೇಳಿಕೊಡುವ ಒಂಬತ್ತನೇ ತರಗತಿಯ ಹುಡುಗಿ, ಅವಳ ತಾಯಿ, ನಾನು - ಮೂವರೂ ಬಸ್ಸು ಹತ್ತಿದೆವು. ಹುಡುಗಿ ಎರಡು ವರ್ಷದಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಾಳೆ.

ಅಂಗಡಿಯಲ್ಲಿ ಪ್ರಾತ್ಯಕ್ಷಿಕೆ ಕೊಟ್ಟ ತರುಣ ಒಳ್ಳೆಯ ವಾದಕ. ಮೊದಲು ಡೆಮೋ ಗುಂಡಿ ಒತ್ತಿದ. ಭರ್ಜರಿ ಸಂಗೀತ ಹೊಮ್ಮಿತು. ಹುಡುಗಿಯ ತಾಯಿ ಬೆರಗಾದರು. ಇದನ್ನು ಯಾರೂ ನುಡಿಸುತ್ತಿಲ್ಲ, ಕಾರ್ಖಾನೆಯಲ್ಲಿ ತುಂಬಿಟ್ಟ ಸೂಚನೆಗಳ ಸರಣಿ ಓಡುತ್ತಿದೆ ಎಂದು ನಾನು ಮೆಲ್ಲಗೆ ಹೇಳಬೇಕಾಯಿತು. ಆ ಸರಣಿಯನ್ನು ರಚಿಸಿದವರು ಆ ವಾದ್ಯದ ಒಳ್ಳೆಯ ದನಿಗಳನ್ನೇ ಆಯ್ದುಕೊಂಡಿರುತ್ತಾರೆ, ಸೊರಗಿದ ದನಿಗಳನ್ನು ಬಿಟ್ಟಿರುತ್ತಾರೆ. ಆಮೇಲೆ ತರುಣ ಎಡಗೈಯ ಒಂದು ಬೆರಳನ್ನು ಒಂದು ಮನೆಯ ಮೇಲಿಟ್ಟ. (ಹಾರ್ಮೋನಿಯಂನವರ ರೂಢಿಯಂತೆ ಒತ್ತುವ ಪಟ್ಟಿಯನ್ನು ಇಲ್ಲಿ ಮನೆ ಎನ್ನುತ್ತೇನೆ.) "ಒಂದೇ ಬೆರಳು ಸಾರ್, ಮಿಕ್ಕಿದ್ದೆಲ್ಲ ಅದೇ ನೋಡ್ಕೊಳ್ಳತ್ತೆ" ಎಂದ.

ಅದೇನು ನೋಡಿಕೊಳ್ಳುತ್ತದೆ? ವಾದ್ಯದ ಸ್ಮೃತಿಯಲ್ಲಿ ತಾಳ, ಮಂದ್ರದ ತಂತಿ, ಗಿಟಾರು ಮುಂತಾದವುಗಳ ಕಿರು ನಮೂನೆಗಳಿರುತ್ತವೆ. ಅವನ್ನು ಒಂದು ಶ್ರುತಿಗೆ ಬರೆದಿಟ್ಟಿರುತ್ತಾರೆ. ಎಡಗೈ ಒತ್ತಿದ ಮನೆಗಳನ್ನು ಸಂಸ್ಕಾರಕ ಓದಿ ಇದು ಯಾವ ಕಾರ್ಡ್, ಅಂದರೆ ಯಾವ ಸ್ವರಗುಚ್ಛ ಎಂದು ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕ ಗುಚ್ಛಕ್ಕೆ ಹೊಂದುವಂತೆ ನಮೂನೆಯ ಸ್ವರಗಳನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ. ಒಂದೇ ಬೆರಳಿಟ್ಟರೆ ಆ ಸ್ವರದ ಮೇಜರ್ ಗುಚ್ಛವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಆರಂಭ, ಮುಖ್ಯ ಭಾಗ, ನಡುವಿನ ಉರುಳಿಕೆ, ಮುಕ್ತಾಯ ಇವಕ್ಕೆ ಬೇರೆ ಬೇರೆ ಗುಂಡಿಗಳುಂಟು. ಸಿನಿಮಾ ಹಾಡಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಆ ಹಾಡುಗಳೇ ಹೆಚ್ಚಾಗಿ ಗುಚ್ಛಗಳ ಮೇಲೆ ಕಟ್ಟಿದವು.

ಹುಡುಗಿಯನ್ನು ಒಂದು ಸರಳೆ ವರಸೆ ಹಾಡು ಎಂದೆ. ಎಲ್ಲರಿಗೂ ತಿಳಿದಂತೆ ಅದು ಮಾಯಾಮಾಳವಗೌಳ ರಾಗದಲ್ಲಿದೆ. ತರುಣ ಉತ್ಸಾಹದಿಂದ ಹಿಮ್ಮೇಳ ಕೊಡಹೊರಟ. ಷಡ್ಜದ ಮೇಲೆ ಬೆರಳಿಟ್ಟಾಗ ಸ-ಗ-ಪ ಬಂತು, ಸರಿಯಾಯಿತು. ಅವಳು ಮಧ್ಯಮಕ್ಕೆ ಬಂದಾಗ ಅವನೂ ಬೆರಳನ್ನು ಮಧ್ಯಮಕ್ಕೆ ತಂದ. ಯಂತ್ರ ಮ-ದ-ಸ ಎಂದು ನುಡಿಯಿತು. ಆದರೆ ಆ ದ ಚತುಶ್ರುತಿ ಧೈವತ. ರಾಗದಲ್ಲಿರುವುದು ಶುದ್ಧ ಧೈವತ, ಒಂದು ಮನೆ ಕೆಳಗಿನದು. ಪಂಚಮಕ್ಕೆ ಹೋದಾಗ ಪ-ನಿ-ರಿ ಬಂತು. ಅಲ್ಲಿಯೂ ರಿಷಭ ರಾಗದ್ದಲ್ಲ. ಹುಡುಗಿ ಹಾಡು ನಿಲ್ಲಿಸಿ "ಸಾರ್, ಅದು ನನ್ನ ದ ಅಲ್ಲ" ಎಂದಳು. ತರುಣನಿಗೆ ಅವಳು ಅಪಸ್ವರ ಹಾಡಿದಳೆಂದೇ ಅನ್ನಿಸಿತು. "ಪ್ರಾಕ್ಟೀಸ್ ಮಾಡಿದರೆ ಬರತ್ತೆ ಬಿಡಮ್ಮ" ಎಂದು ಸಮಾಧಾನ ಹೇಳಿದ.

ನನಗೆ ಅಲ್ಲಿ ಚುರುಕ್ ಎಂದಿತು. ಯಂತ್ರ ತಪ್ಪಿದಾಗ ತಪ್ಪು ಮಗುವಿನದೆಂದು ತೀರ್ಮಾನವಾಗುವುದಾದರೆ ಆ ಯಂತ್ರವನ್ನು ಶಾಲೆಗೆ ತರುವ ಮೊದಲು ಎರಡು ಸಲ ಯೋಚಿಸಬೇಕು.

ಅಂಗಡಿಯ ಪ್ರಾತ್ಯಕ್ಷಿಕೆಯೂ ಒಂದು ಪ್ರಯೋಗವೇ. ಆದರೆ ನಾವು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುವ ಒಂದು ನಿಯಮವನ್ನೂ ಅದು ಪಾಲಿಸುವುದಿಲ್ಲ. ವಾದ್ಯ ಒಂದು, ವಾದಕನ ಕೈಚಳಕ ಇನ್ನೊಂದು, ದೊಡ್ಡ ಸ್ಪೀಕರು ಮತ್ತೊಂದು, ಮುಚ್ಚಿದ ಕೋಣೆ ಮಗದೊಂದು - ನಾಲ್ಕನ್ನೂ ಬೆರೆಸಿ, ಬಂದ ಫಲವನ್ನೆಲ್ಲ ವಾದ್ಯದ ಲೆಕ್ಕಕ್ಕೆ ಬರೆಯುತ್ತಾರೆ. ಆ ತರುಣನನ್ನು ದೂರಿ ಫಲವಿಲ್ಲ. ಅವನ ಕೆಲಸ ಮಾರುವುದು. ಪ್ರಶ್ನೆ ಕೇಳಬೇಕಾದವರು ನಾವು.

ಸ್ಪೀಕರಿನ ಮಾತನ್ನೇ ತೆಗೆದುಕೊಳ್ಳಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರ್ ದೂರದಲ್ಲಿ ಕೇಳಿದ್ದು 16 ಮೀಟರಿಗೆ ಹೋಗುವಾಗ 18 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಕೋಣೆಯಲ್ಲಾದರೆ ಗೋಡೆಗಳು ಪ್ರತಿಫಲಿಸಿ ಆ ನಷ್ಟವನ್ನು ಬಹುಮಟ್ಟಿಗೆ ತುಂಬುತ್ತವೆ. ಅಂಗಡಿಯಲ್ಲಿ ತುಂಬಿ ತುಳುಕಿದ ದನಿ ಶಾಲೆಯ ಅಂಗಳದ ಕೊನೆಯ ಸಾಲಿಗೆ ಮುಟ್ಟದಿರುವುದು ಇದರಿಂದ.

ಈ ಸಮಸ್ಯೆ ನಮ್ಮ ಊರಿಗೆ ಹೊಸದೇನಲ್ಲ. ಕಾವೇರಿ-ಕಪಿಲೆಯರ ಸಂಗಮದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರಿಗೂ ಇದೇ ತೊಡಕು ಎದುರಾಗಿತ್ತು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿನವರಿಗೆ ಪಿಟೀಲು ಸರಿಯಾಗಿ ಕೇಳುತ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಮತ್ತೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಸಿದರು. ಸಮಾನ ಬಲದ, ಪರಸ್ಪರ ಸ್ವತಂತ್ರವಾದ ಎರಡು ಶಬ್ದಮೂಲಗಳು ಸೇರಿದರೆ ಏರುವುದು 3 ಡೆಸಿಬೆಲ್ ಮಾತ್ರ. ಆದರೆ ಜೊತೆ ತಂತಿ ಬೇರೆ ಸ್ಥಾಯಿಯಲ್ಲಿ ನುಡಿದಾಗ ಉಪಸ್ವರಗಳೂ ತುಂಬಿಕೊಂಡು ನಾದಕ್ಕೆ ಮೈ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಸಂಗೀತದ ಕೊರತೆ ಕಂಡಿತು, ಆಮೇಲೆ ವಾದ್ಯ ಬದಲಾಯಿತು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ತಂಬೂರಿ ರೂಪಿಸಿದಾಗಲೂ ಇದೇ ಕ್ರಮ. ಅವರು ಸ್ವತಃ ಕೊಳಲು ನುಡಿಸುವವರು. ಅರೇಂಜರ್ ಕೀಬೋರ್ಡು ನಮ್ಮಲ್ಲಿಗೆ ಬಂದಿರುವುದು ತಿರುಗು ಕ್ರಮದಲ್ಲಿ. ವಾದ್ಯ ಮೊದಲು ಬಂತು, ಅದಕ್ಕೆ ತಕ್ಕಂತೆ ನಾವು ಹಾಡಬೇಕಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ: ಶ್ರುತಿ. ಕೀಬೋರ್ಡಿನ ಒಂದು ಸ್ಥಾಯಿಯಲ್ಲಿ 12 ಮನೆಗಳು. ಪ್ರತಿ ಮನೆಯ ಆವೃತ್ತಿ ಹಿಂದಿನದರ 1.05946ರಷ್ಟು. ಇದು 2ರ ಹನ್ನೆರಡನೆಯ ಮೂಲ. ಈ ಸಮಭಾಗದ ಏರ್ಪಾಟಿನಲ್ಲಿ ಎರಡು ಪಕ್ಕದ ಮನೆಗಳ ಅಂತರವನ್ನು 100 ಸೆಂಟ್ ಎನ್ನುತ್ತಾರೆ. ತಂಬೂರಿಯ ಜೊತೆ ಕಿವಿ ಒಪ್ಪುವ ಅಂತರ ಗಾಂಧಾರ ಷಡ್ಜದ 5/4ರಷ್ಟು, ಅಂದರೆ 386 ಸೆಂಟ್. ಕೀಬೋರ್ಡು ಕೊಡುವುದು 400. ಹದಿನಾಲ್ಕು ಸೆಂಟ್ ಏನು ಮಹಾ ಎನ್ನಬಹುದು. ಲೆಕ್ಕ ಹಾಕಿ ನೋಡಿ. ಷಡ್ಜ 261.63 ಹರ್ಟ್ಸ್ ಇದ್ದರೆ ಅದರ ಐದನೆಯ ಸಂಗತ ಸುಮಾರು 1308 ಹರ್ಟ್ಸ್. ಕೀಬೋರ್ಡಿನ ಗಾಂಧಾರ 329.63 ಹರ್ಟ್ಸ್, ಅದರ ನಾಲ್ಕನೆಯ ಸಂಗತ 1318.5. ಎರಡರ ನಡುವೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ವಿಸ್ಪಂದಗಳು. ಪಂಚಮದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ವ್ಯತ್ಯಾಸ ಎರಡೇ ಸೆಂಟ್, ವಿಸ್ಪಂದ ಸೆಕೆಂಡಿಗೆ ಒಂದರೊಳಗೆ. ಆದ್ದರಿಂದಲೇ ಕೀಬೋರ್ಡಿನ ಸ-ಪ ಇಂಪಾಗಿಯೂ ಸ-ಗ ತುಸು ಒರಟಾಗಿಯೂ ಕೇಳುವುದು.

ಹಾರ್ಮೋನಿಯಂ ಕುರಿತು ಇದೇ ಜಗಳ ನಡೆದಿತ್ತು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. 1971ರಲ್ಲಷ್ಟೇ ಅದು ಭಾಗಶಃ ಸಡಿಲವಾಯಿತು. ಸ್ಥಿರ ಸ್ವರಗಳು, ಗಮಕಕ್ಕೆ ಎಡೆಯಿಲ್ಲದಿರುವುದು - ಇವು ಅದರ ಮೇಲಿದ್ದ ಆರೋಪಗಳು. ಆದರೆ ಹಾರ್ಮೋನಿಯಂನ ರೀಡನ್ನು ಕೆರೆದು ಶ್ರುತಿ ತಿದ್ದಬೇಕು, ಅದು ಕಸುಬುದಾರರ ಕೆಲಸ. ಕೀಬೋರ್ಡಿನಲ್ಲಿ ಆ ಕಷ್ಟವಿಲ್ಲ. ಸ್ಕೇಲ್ ಟ್ಯೂನಿಂಗ್ ಎಂಬ ಸೌಲಭ್ಯವಿದ್ದರೆ ಸ್ಥಾಯಿಯ ಹನ್ನೆರಡು ಮನೆಗಳನ್ನೂ ಒಂದೊಂದಾಗಿ ಸೆಂಟ್ ಲೆಕ್ಕದಲ್ಲಿ ಏರಿಸಬಹುದು, ಇಳಿಸಬಹುದು. ಅರಬ್ ಸಂಗೀತಗಾರರು ತಮ್ಮ ಕಾಲುಸ್ವರಗಳಿಗಾಗಿ ಇದನ್ನು ಒತ್ತಾಯಿಸಿ ಪಡೆದರು; ಯಮಾಹಾದ ಪಿಎಸ್‌ಆರ್-ಎ ಸರಣಿ ಅವರನ್ನೇ ಉದ್ದೇಶಿಸಿದ್ದು. ನಮ್ಮ ಪೇಟೆಗೆ ಬರುವ ಮಧ್ಯಮ ಬೆಲೆಯ ಹಲವು ಮಾದರಿಗಳಲ್ಲೂ ಇದು ಅಡಗಿ ಕೂತಿದೆ. ನಾನು ಕೇಳುವವರೆಗೆ ಅಂಗಡಿಯಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ. ಕೇಳಿದ ಮೇಲೆ ಕೈಪಿಡಿ ತೆಗೆದು ಇಬ್ಬರೂ ಹುಡುಕಿದೆವು.

ಇದನ್ನು ನೀವೇ ಪರೀಕ್ಷಿಸಬಹುದು. ಅಲುಗಾಟವಿಲ್ಲದ ಸಾದಾ ಆರ್ಗನ್ ದನಿ ಆರಿಸಿ. (ಹಾರ್ಮೋನಿಯಂ ದನಿ ಬೇಡ, ಜೋಡಿ ರೀಡುಗಳ ವಿಸ್ಪಂದ ಅದರಲ್ಲೇ ಸೇರಿರುತ್ತದೆ.) ಸ ಮತ್ತು ಗ ಒಟ್ಟಿಗೆ ಒತ್ತಿ ಹಿಡಿದು ಆಲಿಸಿ. ಗಾಂಧಾರವನ್ನು 14 ಸೆಂಟ್ ಇಳಿಸಿ ಮತ್ತೆ ಆಲಿಸಿ. ಒಳಗಿನ ಗುಡುಗುಡು ನಿಂತಿರುತ್ತದೆ. ನಮ್ಮ ಹುಡುಗಿಗೆ ಕಣ್ಣು ಮುಚ್ಚಿಸಿ ಕೇಳಿಸಿದೆ. ಎರಡನೆಯದೇ ತನ್ನದು ಎಂದಳು. ಎಲ್ಲ ಗಾಯಕರೂ ಸರಿಯಾಗಿ 386ರ ಮೇಲೇ ನಿಲ್ಲುತ್ತಾರೆಂದು ಇದರಿಂದ ಹೇಳುವಂತಿಲ್ಲ. ರಾಗ, ಗಮಕ, ಪಾಠಾಂತರಗಳಿಗೆ ತಕ್ಕಂತೆ ಸ್ವರಸ್ಥಾನ ಅತ್ತಿತ್ತ ಸರಿಯುತ್ತದೆ. ಆದರೆ ಶ್ರುತಿಯ ಜೊತೆ ಉದ್ದಕ್ಕೆ ನಿಲ್ಲುವ ಗಾಂಧಾರಕ್ಕೆ 400 ಸರಿಯಾದ ನೆಲೆಯಲ್ಲ.

ಗಮಕದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಕೀಬೋರ್ಡಿನ ಎಡಗಡೆ ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರ ಇರುತ್ತದೆ. 1983ರ ಮಿಡಿ ಒಡಂಬಡಿಕೆಯಲ್ಲಿ ಆ ಜಾರಿಕೆಗೆ 14 ಬಿಟ್, ಅಂದರೆ 16,384 ಮೆಟ್ಟಿಲುಗಳಿವೆ. ಎರಡು ಮನೆ ಮೇಲಕ್ಕೆ, ಎರಡು ಮನೆ ಕೆಳಕ್ಕೆ ಎಂದಿಟ್ಟುಕೊಂಡರೆ ಒಂದು ಮೆಟ್ಟಿಲು ಸೆಂಟಿನ ನಲವತ್ತನೆಯ ಒಂದು ಭಾಗ. ಅಷ್ಟು ಸೂಕ್ಷ್ಮ ಯಾವ ಕಿವಿಗೂ ಬೇಡ. ಚೆನ್ನೈನ ಕೀಬೋರ್ಡ್ ವಾದಕ ಸತ್ಯನಾರಾಯಣನ್ ಅವರಂಥವರು ಈ ಚಕ್ರದ ಬಲದಿಂದಲೇ ಇಡೀ ಕರ್ನಾಟಕ ಸಂಗೀತ ಕಛೇರಿ ನಡೆಸುತ್ತಾರೆ. ಹಾಗಿದ್ದರೆ ತೊಡಕೆಲ್ಲಿ? ಚಕ್ರ ತಿರುಗಿಸಬೇಕಾದ್ದು ಎಡಗೈ. ಅರೇಂಜರಿನ ವಿನ್ಯಾಸ ಎಡಗೈಯನ್ನು ಗುಚ್ಛ ಒತ್ತಲು ಕಟ್ಟಿಹಾಕಿದೆ. ಗಮಕ ಬೇಕಾದರೆ ಹಿಮ್ಮೇಳ ಬಿಡಬೇಕು, ಹಿಮ್ಮೇಳ ಬೇಕಾದರೆ ಗಮಕ ಬಿಡಬೇಕು. ಅಂಗಡಿಯ ತರುಣ ಎರಡನ್ನೂ ತೋರಿಸಿದ, ಆದರೆ ಒಂದಾದ ಮೇಲೊಂದರಂತೆ. ಎರಡೂ ಒಟ್ಟಿಗೆ ಸಾಧ್ಯವೆಂಬ ಭ್ರಮೆ ನಮಗುಂಟಾದದ್ದು ಹಾಗೆ. ಇನ್ನು ತೀರ ಅಗ್ಗದ ಮಾದರಿಗಳಲ್ಲಿ ಚಕ್ರವೇ ಇರುವುದಿಲ್ಲ.

ದನಿಗಳ ಸಂಖ್ಯೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುತ್ತದೆ: ಐನೂರು, ಆರುನೂರು, ಎಂಟುನೂರು. ಈ ಸಂಖ್ಯೆಗೆ ಮರುಳಾಗಬೇಡಿ. ನಿಜವಾದ ವಾದ್ಯದ ದನಿಯನ್ನು ಮುದ್ರಿಸಿಟ್ಟ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಸ್ಟೀರಿಯೋ ಶಬ್ದಕ್ಕೆ 1,76,400 ಬೈಟ್ ಬೇಕು. ಪಿಯಾನೊದ 88 ಮನೆಗಳನ್ನೂ ತಲಾ ಹತ್ತು ಸೆಕೆಂಡು, ನಾಲ್ಕು ಬಗೆಯ ಒತ್ತಡದಲ್ಲಿ ಮುದ್ರಿಸಿದರೆ ಆ ಒಂದೇ ದನಿ 620 ಮೆಗಾಬೈಟ್ ನುಂಗುತ್ತದೆ. ಅಗ್ಗದ ವಾದ್ಯದಲ್ಲಿ ಅಷ್ಟು ಜಾಗವಿರುವುದಿಲ್ಲ. ಆದ್ದರಿಂದ ಒಂದು ಸ್ಯಾಂಪಲನ್ನು ಹಲವು ಮನೆಗಳಿಗೆ ಎಳೆದು ಹಂಚುತ್ತಾರೆ, ಬಾಲವನ್ನು ಸುತ್ತಿ ಸುತ್ತಿ ನುಡಿಸುತ್ತಾರೆ. ಒಂದು ಮನೆಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಸುತ್ತು ಕೇಳಿಸುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮನೆ ಒತ್ತುತ್ತ ಹೋದರೆ ಎಲ್ಲೋ ಒಂದು ಕಡೆ ದನಿಯ ಬಣ್ಣ ತಟ್ಟನೆ ಬದಲಾಗುತ್ತದೆ, ಅದು ಎರಡು ಸ್ಯಾಂಪಲುಗಳ ಗಡಿ. ಮಕ್ಕಳಿಗೆ ಈ ಗಡಿ ಹುಡುಕುವ ಆಟ ಬಲು ಇಷ್ಟ.

ತಾಳಗಳ ವಿಷಯಕ್ಕೆ ಬಂದರೆ, ಭಾರತಕ್ಕೆಂದೇ ತಯಾರಾದ ಮಾದರಿಗಳಿವೆ. ಯಮಾಹಾದ ಪಿಎಸ್‌ಆರ್-ಐ500ರಲ್ಲಿ ತಂಬೂರಿ ಹಾಗೂ ತಾಳದೊಡನೆ ಸಾಧನೆ ಮಾಡಲು ರಿಯಾಜ್ ಎಂಬ ಸೌಲಭ್ಯವಿದೆ. ಕ್ಯಾಸಿಯೋ ತನ್ನ ಭಾರತೀಯ ಮಾದರಿಗಳ ಹೆಸರಿನ ಕೊನೆಗೆ ಐಎನ್ ಸೇರಿಸುತ್ತದೆ. ಒಳ್ಳೆಯ ಬೆಳವಣಿಗೆಯೇ. ಆದರೆ ಇಲ್ಲಿ ಭಾರತೀಯ ಎಂದರೆ ಹೆಚ್ಚಾಗಿ ಕೆಹರ್ವಾ, ದಾದ್ರಾ, ಭಾಂಗ್ಡಾ, ದಾಂಡಿಯಾ. ನಾನು ಏಳಕ್ಷರದ ಮಿಶ್ರಛಾಪು ಕೇಳಿದೆ. ತರುಣ ತಲೆ ಕೆರೆದುಕೊಂಡ. ಕಂಸಾಳೆಯ ಸುದ್ದಿ ಎತ್ತಲೇ ಇಲ್ಲ. ನಂಜನಗೂಡು, ತಿ. ನರಸೀಪುರದ ಕಡೆ ಮಾದಪ್ಪನ ಪದ ಹಾಡುವವರ ಕಂಚಿನ ಕಂಸಾಳೆಯ ನಾದ ಯಾವ ಕಾರ್ಖಾನೆಯ ಪಟ್ಟಿಯಲ್ಲೂ ಸಿಗಲಾರದು. ಬೀಸು ಕಂಸಾಳೆಯಲ್ಲಿ ಕುಣಿತದ ಕಾವಿಗೆ ತಕ್ಕಂತೆ ನಡೆ ಏರುತ್ತದೆ, ಅರೇಂಜರಿನ ಲಯ ಗಡಿಯಾರದಂತೆ ಒಂದೇ ಸಮ.

ಇದನ್ನು ಬರಿಯ ಅಭಿಮಾನದ ಮಾತೆಂದು ತಳ್ಳಿಹಾಕಬಾರದು. ವಾದ್ಯದೊಳಗೆ ತುಂಬಿಟ್ಟ ನಮೂನೆ ಊರಿನ ಸಂಗೀತವನ್ನೇ ತಿರುಗಿಸಬಲ್ಲದು. 1981ರಲ್ಲಿ ಬಂದ ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಹಿರೋಕೊ ಒಕುದಾ ಎಂಬ ಯುವತಿ ರಚಿಸಿದ ಒಂದು ರಾಕ್ ನಮೂನೆ ಇತ್ತು. ಜಮೈಕಾದವರ ಕೈಗೆ ಅದು ಸಿಕ್ಕಿ 1985ರಲ್ಲಿ ಸ್ಲೆಂಗ್ ಟೆಂಗ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು, ಅಲ್ಲಿನ ರೆಗ್ಗೇ ಸಂಗೀತದ ದಾರಿಯೇ ಗಣಕೀಕೃತ ಲಯಗಳ ಕಡೆ ಹೊರಳಿತು. ಜಪಾನಿನಲ್ಲಿ ಒಬ್ಬರು ಮೇಜಿನ ಮುಂದೆ ಕೂತು ಬರೆದದ್ದು ಸಾಗರದಾಚೆ ಒಂದು ನಾಡಿನ ತಾಳವಾಯಿತು. ಅಲ್ಲಿ ಹೊಸದೊಂದು ಹುಟ್ಟಿತೆನ್ನಿ. ನಮ್ಮ ಶಾಲೆಗಳಲ್ಲಿ ಪ್ರತಿ ಭಾವಗೀತೆಯೂ ಪ್ರತಿ ತತ್ತ್ವಪದವೂ ಅದೇ ಕೆಹರ್ವಾಗೆ ಬಿದ್ದರೆ ಹುಟ್ಟುವುದೇನು? ಆದ್ದರಿಂದ ಸ್ವಂತ ತಾಳ ಬರೆದಿಡುವ ಸೌಲಭ್ಯ ಇದೆಯೇ ಎಂದು ಮೊದಲು ಕೇಳಿ. ಇನ್ನೂರು ಸಿದ್ಧ ತಾಳಗಳಿಗಿಂತ ಹತ್ತು ಖಾಲಿ ಜಾಗ ಮೇಲು.

ಮುಂದೆ ಬರಲಿರುವ ಸೌಲಭ್ಯಗಳ ಬಗೆಗೂ ಅಂಗಡಿಯಲ್ಲಿ ಬಹಳ ಕೇಳಿದೆವು. "ಹೊಸ ಮಾಡೆಲ್ ಬರತ್ತೆ ಸಾರ್, ಕಾಯಿರಿ" ಎಂದು ಒಬ್ಬರು, "ಕಾದರೆ ರೇಟು ಏರತ್ತೆ" ಎಂದು ಇನ್ನೊಬ್ಬರು. ಮೇಲ್ದರ್ಜೆಯಲ್ಲಿ ಕೋರ್ಗ್ ಪಿಎ5ಎಕ್ಸ್ 2022ರಲ್ಲಿ, ಯಮಾಹಾದ ಜೆನೋಸ್2 2023ರಲ್ಲಿ, ಪಿಎಸ್‌ಆರ್-ಎಸ್‌ಎಕ್ಸ್920 2024ರಲ್ಲಿ ಬಂದವು. ಜೆನೋಸ್2ರಲ್ಲಿ ಎಫ್‌ಎಂ ಸಂಶ್ಲೇಷಣೆಯ ದನಿಗಳೂ ಕೋಣೆಯ ಅನುರಣನವನ್ನು ಬೇಕಾದಷ್ಟು ಬೆರೆಸಬಹುದಾದ ಡ್ರಮ್ಮುಗಳೂ ಸೇರಿದವು. ಇವುಗಳ ಬೆಲೆ ನಮ್ಮ ಶಾಲೆಗಳಿಗೆ ಎಟುಕದು. ಆದರೆ ಇಂದು ಮೇಲ್ದರ್ಜೆಯಲ್ಲಿ ಕಂಡದ್ದು ಕೆಲ ವರ್ಷಗಳಲ್ಲಿ ಕೆಳಗಿಳಿಯುವುದುಂಟು. ನನ್ನ ಮಟ್ಟಿಗೆ ನಿಜವಾಗಿ ಕಾಯಬೇಕಾದದ್ದು ಬೇರೆಯದು. 2020ರಲ್ಲಿ ಅಂಗೀಕಾರವಾದ ಮಿಡಿ 2.0ರಲ್ಲಿ ಪ್ರತಿಯೊಂದು ಸ್ವರವನ್ನೂ ಬೇರೆ ಬೇರೆಯಾಗಿ ಜಾರಿಸಲು ಅವಕಾಶವಿದೆ. ಈಗಿನ ಚಕ್ರ ತಿರುಗಿಸಿದರೆ ಆ ದನಿಯಲ್ಲಿ ನುಡಿಯುತ್ತಿರುವ ಸ್ವರಗಳೆಲ್ಲ ಒಟ್ಟಿಗೆ ಜಾರುತ್ತವೆ. ಒತ್ತಿದ ಬೆರಳನ್ನೇ ಅಲುಗಿಸಿ ಆ ಒಂದು ಸ್ವರವನ್ನು ಕಂಪಿಸುವ ಮನೆಗಳು ಅಗ್ಗದ ಕೀಬೋರ್ಡಿಗೆ ಬಂದ ದಿನ ಎಡಗೈ ಬಿಡುಗಡೆಯಾದೀತು. ಅಂಥ ಮನೆಗಳುಳ್ಳ ವಾದ್ಯಗಳು ಈಗಾಗಲೇ ಇವೆ. ಅರೇಂಜರುಗಳಲ್ಲಿ ಅವು ಸಾಮಾನ್ಯವಾಗಿಲ್ಲ.

ಬಣ್ಣದ ಪರದೆ, ಬ್ಲೂಟೂತ್, ದನಿಗಳ ಸಂಖ್ಯೆ - ಇವನ್ನು ಪಟ್ಟಿಯ ಕೊನೆಗಿಡಿ. ಮೇಲೆ ಬರಬೇಕಾದವು: ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಮನೆಗಳು, ಹಾಡುವವರ ಶ್ರುತಿಗೆ ಹೊಂದಿಸುವ ಟ್ರಾನ್ಸ್‌ಪೋಸ್, ಹೊರಗಿನ ಸ್ಪೀಕರಿಗೆ ಜೋಡಿಸುವ ಕಿಂಡಿ, ಕರೆಂಟು ಹೋದಾಗ ಸೆಲ್ಲಿನಿಂದ ನಡೆಯುವ ಗುಣ. ಟ್ರಾನ್ಸ್‌ಪೋಸ್ ಮಾಡಿದಾಗ ಸ್ಕೇಲ್ ಟ್ಯೂನಿಂಗಿನ ತಿದ್ದುಪಡಿ ಮನೆಯ ಜೊತೆಗೇ ಉಳಿಯುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ಮತ್ತು ಹಾಡುವ ಮಗುವನ್ನು ಜೊತೆಗೆ ಕರೆದೊಯ್ಯಿರಿ.

ನಾವು ಅಂದು ಏನನ್ನೂ ಕೊಳ್ಳದೆ ಬಂದೆವು. ಹುಡುಗಿಯ ತಾಯಿಗೆ ಇದು ಸ್ವಲ್ಪ ಬೇಸರದ ಸಂಗತಿ, ಬಸ್ ಚಾರ್ಜು ದಂಡವಾಯಿತಲ್ಲ ಮೇಷ್ಟ್ರೇ ಎಂದರು. ಎರಡು ವಾರದ ಮೇಲೆ ಮತ್ತೆ ಹೋಗಿ ಒಂದು ಮೆಟ್ಟಿಲು ಕೆಳಗಿನ ಮಾದರಿ ತಂದೆವು. ಉಳಿದ ದುಡ್ಡಿಗೆ ಒಂದು ಸ್ಪೀಕರು ಬಂತು. ಬೆಳಗಿನ ಪ್ರಾರ್ಥನೆಗೆ ತಂಬೂರಿಯ ದನಿ ಮಾತ್ರ ಹಾಕುತ್ತಾರೆ, ಹಿಮ್ಮೇಳದ ಗುಂಡಿ ಒತ್ತುವುದಿಲ್ಲ. ಶನಿವಾರ ಸಿನಿಮಾ ಹಾಡಿಗೆ ಒತ್ತುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ವಾದ್ಯವನ್ನು ಆರಿಸಿ ಮತ್ತೆ ಹಾಕಿದರೆ ಶ್ರುತಿಯ ತಿದ್ದುಪಡಿ ಅಳಿಸಿಹೋಗುತ್ತದೆ. ಅದಕ್ಕೆಂದೇ ಹುಡುಗಿ ವರಸೆಗಳ ರಾಗಕ್ಕೆ ಬೇಕಾದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ನೆತ್ತಿಗೆ ಅಂಟಿಸಿದ್ದಾಳೆ: ರಿ +12, ಗ -14, ಮ -2, ಪ +2, ದ +14, ನಿ -12. ದ ಎಂಬ ಅಕ್ಷರದ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದ್ದಾಳೆ.